ನಮ್ಮ ಯಜಮಾನರು ನೋಡಿದ ಆಟಗಳು

ನಮ್ಮ ಯಜಮಾನರು ಮೂವತ್ತೊಂದು ವರ್ಷ ನಗರದ ದೊಡ್ಡ ಕ್ರೀಡಾಂಗಣದಲ್ಲಿ ಕೆಲಸ ಮಾಡಿದರು. ದೊಡ್ಡದು ಎಂದರೆ ಹದಿನೆಂಟು ಸಾವಿರ ಕುರ್ಚಿ, ಮೇಲೊಂದು ಗುಮ್ಮಟ, ಗುಮ್ಮಟದ ಸುತ್ತ ಬಣ್ಣ ಬದಲಾಯಿಸುವ ದೀಪ. ನಗರಕ್ಕೆ ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಹೋಗುತ್ತಾರೆ. ಒಳಗೆ ಇವತ್ತು ಬ್ಯಾಸ್ಕೆಟ್‌ಬಾಲ್, ನಾಳೆ ಸಂಗೀತ, ನಾಡಿದ್ದು ಕುಸ್ತಿ, ಆಚೆ ನಾಡಿದ್ದು ಮಂಜುಗಡ್ಡೆಯ ಮೇಲೆ ಜಾರುವವರ ಕುಣಿತ. ಆ ಮೂವತ್ತೊಂದು ವರ್ಷದಲ್ಲಿ ಅವರು ನೋಡದ ಆಟವಿಲ್ಲ, ಕೇಳದ ಹಾಡುಗಾರನಿಲ್ಲ, ಹತ್ತಿರದಿಂದ ಕಾಣದ ಕುಸ್ತಿಪಟುವಿಲ್ಲ. ಹಾಗೆಂದು ಅವರೇ ಹೇಳಿದ್ದಾರೆ. ಅವರು ಹೇಳಿದ್ದನ್ನೆಲ್ಲ ನಾನು ಇಡೀ ಬೀದಿಗೆ ಹೇಳಿದ್ದೇನೆ. ಪುಣ್ಯಕ್ಕೆ ನಮ್ಮ ಬೀದಿ ಚಿಕ್ಕದು.

ಬೆಳಗ್ಗೆ ಕೆಲಸ ಮುಗಿಸಿ ಬಂದವರು ಕುರ್ಚಿಯ ಮೇಲೆ ಕಾಲು ನೀಡಿ ಕೂರುತ್ತಿದ್ದರು. ನಾನು ಟೀ ತಂದಿಟ್ಟು ಎದುರಿಗೆ ಕೂರುತ್ತಿದ್ದೆ. ಆಮೇಲೆ ಶುರು. ಆದರೆ ಅವರ ವರ್ಣನೆಯಲ್ಲಿ ಒಂದು ವಿಶೇಷವಿತ್ತು. ಯಾರು ಗೆದ್ದರು, ಎಷ್ಟು ಅಂಕ ಎಂಬುದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಯಾರು ಬಿದ್ದರು, ಎಲ್ಲಿ ಬಿದ್ದರು, ಬಿದ್ದವನು ಮೊದಲು ಮೊಣಕೈ ಊರಿದನೋ ಸೊಂಟವೋ, ಎದ್ದ ಮೇಲೆ ನೆಲದ ಮೇಲೆ ಎಷ್ಟು ಅಗಲ ಬೆವರು ಉಳಿಯಿತು, ಇದಕ್ಕೆ ಅರ್ಧ ಗಂಟೆ. ನಮ್ಮ ಬೀದಿಯ ಹೆಂಗಸರಿಗೆಲ್ಲ ಬ್ಯಾಸ್ಕೆಟ್‌ಬಾಲ್ ಎಂದರೆ ಎತ್ತರದ ಗಂಡಸರು ಸರದಿಯ ಮೇಲೆ ಬೀಳುವ ಆಟ. ಟೀವಿಯಲ್ಲಿ ಅಷ್ಟೊಂದು ಬೀಳುವುದಿಲ್ಲವಲ್ಲ ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿದಳು. "ಟೀವಿಯವರು ಅದನ್ನೆಲ್ಲ ಕತ್ತರಿಸಿ ಹಾಕ್ತಾರೆ ಕಣ್ರೀ," ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ. ನಮ್ಮ ಮನೆಯಲ್ಲಂತೂ ಟೀವಿಯಲ್ಲಿ ಆ ಆಟ ಬಂತೆಂದರೆ ಯಜಮಾನರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. "ಕಣ್ಣಾರೆ ಕಂಡವನಿಗೆ ಡಬ್ಬಿಯಲ್ಲಿ ನೋಡೋಕೆ ಏನಿದೆ?" ಎನ್ನುತ್ತಿದ್ದರು. ಎಂಥ ಮನುಷ್ಯ ನನಗೆ ಸಿಕ್ಕಿದ್ದಾನಪ್ಪಾ ಎಂದು ನನಗೆ ಎದೆಯುಬ್ಬಿ ಬರುತ್ತಿತ್ತು.

ಅವರ ಕೆಲಸ ನೆಲದ ಹಲಗೆ ಜೋಡಿಸುವುದು ಎಂಬುದು ನನಗೆ ಗೊತ್ತಿತ್ತು. ಆಟಕ್ಕೆ ಮುಂಚೆ ಮರದ ನೆಲ ಹಾಸಬೇಕು, ಆಟ ಮುಗಿದ ಮೇಲೆ ಎತ್ತಬೇಕು. ಇದಕ್ಕಿಂತ ಹೆಚ್ಚಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ಹಲಗೆಯಲ್ಲಿ ತಿಳಿಯುವುದಕ್ಕೆ ಏನಿದೆ? ಮೊಣಕಾಲಿಗೆ ಎಣ್ಣೆ ತಿಕ್ಕುವಾಗ ಮಾತ್ರ ಅದರ ನೆನಪಾಗುತ್ತಿತ್ತು. ಎರಡೂ ಮೊಣಕಾಲಿನ ಚರ್ಮ ಹಿಮ್ಮಡಿಯಷ್ಟು ಗಡುಸಾಗಿತ್ತು. ನೆಂಟರ ಮನೆಗೆ ಹೋದರೆ ಎಲ್ಲರೂ ಗೋಡೆಯ ಬಣ್ಣ ನೋಡಿದರೆ ಇವರು ನೆಲ ನೋಡುತ್ತಿದ್ದರು. ಎಲ್ಲಾದರೂ ಹಲಗೆ ಕಿರ್ ಎಂದರೆ ಅಲ್ಲೇ ಮತ್ತೆ ಮತ್ತೆ ಕಾಲಿಟ್ಟು ನೋಡಿ, ಮನೆಯವರಿಗೆ ಮುಜುಗರವಾಗುವ ತನಕ ಬಿಡುತ್ತಿರಲಿಲ್ಲ.

ನಿವೃತ್ತಿಯ ದಿನ ವ್ಯವಸ್ಥಾಪಕರು ಕೈ ಕುಲುಕಿ, ಒಂದು ಹೂಗುಚ್ಛವನ್ನೂ ಒಂದು ಲಕೋಟೆಯನ್ನೂ ಕೊಟ್ಟು ಕಳಿಸಿದರು. ಹೂಗುಚ್ಛ ಮನೆಗೆ ಬಂತು, ಲಕೋಟೆ ಬರಲಿಲ್ಲ. ಎರಡು ವಾರದ ಮೇಲೆ ನಾನು ಸ್ಕ್ರೂಡ್ರೈವರ್ ಹುಡುಕುತ್ತ ಅವರ ಉಪಕರಣದ ಪೆಟ್ಟಿಗೆ ತೆಗೆದರೆ, ಮೊಳೆಗಳ ಅಡಿಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಒಳಗೆ ಆ ವರ್ಷದ ಪಂದ್ಯಾವಳಿಯ ಕೊನೆಯ ದೊಡ್ಡ ಪಂದ್ಯಕ್ಕೆ ನಾಲ್ಕು ಟಿಕೆಟ್. ಮಧ್ಯದ ಸಾಲು, ಒಳ್ಳೆಯ ಜಾಗ. ಮನುಷ್ಯ ಮರೆತಿದ್ದಾರೆ ಎಂದುಕೊಂಡೆ. ಮರೆಯುವವರು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುವುದಿಲ್ಲ ಎಂಬ ಬುದ್ಧಿ ಆಗ ಬರಲಿಲ್ಲ. ನನ್ನ ಬುದ್ಧಿ ಯಾವಾಗಲೂ ಕೊನೆಯ ಬಸ್ಸಿಗೆ ಬರುತ್ತದೆ.

ಟಿಕೆಟ್ ಸಿಕ್ಕಿದ ಹತ್ತು ನಿಮಿಷದಲ್ಲಿ ಇಬ್ಬರಿಗೆ ಫೋನ್ ಮಾಡಿದೆ. ಮೊದಲು ಮೊಮ್ಮಗಳಿಗೆ. ಅವಳಿಗೆ ಒಂಬತ್ತು ವರ್ಷ, ಮನೆಯಲ್ಲಿ ಎಲ್ಲರೂ ಕರೆಯುವುದು ಪಟಾಕಿ ಎಂದು. ಅಜ್ಜನ ಕಥೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ನಂಬರು ಹಾಕಿ, ಬಿದ್ದವರ ಚಿತ್ರ ಬರೆದು. ಎರಡನೆಯ ಫೋನು ನನ್ನ ಅಣ್ಣನಿಗೆ. ಅಣ್ಣ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಜೀವಮಾನವಿಡೀ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನು. ನಿವೃತ್ತಿಯಾದ ಮೇಲೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದಾನೆ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡ್ಬೇಕಮ್ಮಾ, ನಿನ್ನ ಗಂಡ ಹೇಳೋದ್ರಲ್ಲಿ ಏನೋ ಒಂದು ಅಕ್ಷರ ಬಿಟ್ಟುಹೋಗಿದೆ," ಎಂದು ಮೂವತ್ತೊಂದು ವರ್ಷದಿಂದ ಹೇಳುತ್ತಲೇ ಇದ್ದ. ಅವನ ಸೊಕ್ಕು ಮುರಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಯಜಮಾನರು ಅಲ್ಲೇ ನಿಂತು ಪ್ರತಿಯೊಂದನ್ನೂ ಬೆರಳಿಟ್ಟು ತೋರಿಸುತ್ತಾರೆ, ಅಣ್ಣ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾನೆ. ಇದು ನನ್ನ ಲೆಕ್ಕಾಚಾರ.

ವಿಷಯ ಕೇಳಿದ ಯಜಮಾನರು "ಹೌದಾ" ಎಂದರು. ನಾಲ್ಕು ದಿನ ಅದಕ್ಕಿಂತ ಹೆಚ್ಚಿಗೆ ಮಾತಾಡಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದರು. ಹಳೆಯ ಕೆಲಸದ ನೆನಪು, ಪಾಪ, ಎಂದುಕೊಂಡೆ.

ಪಂದ್ಯದ ದಿನ ಮಧ್ಯಾಹ್ನ ನಾನು ಅವರ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಬಾಗಿಲಿಗೆ ಒರಗಿ ನಿಂತರು.

"ಒಂದು ವಿಷಯ ಹೇಳ್ಬೇಕು," ಎಂದರು.

"ಹೇಳಿ."

"ಬೈಬಾರ್ದು."

"ಅದು ವಿಷಯದ ಮೇಲೆ."

"ನಾನು ಅಲ್ಲಿ ಒಂದು ಆಟಾನೂ ನೋಡಿಲ್ಲ ಕಣೇ."

ಇಸ್ತ್ರಿ ಪೆಟ್ಟಿಗೆ ಅಂಗಿಯ ಬೆನ್ನ ಮೇಲೆ ಎಷ್ಟು ಹೊತ್ತು ಕೂತಿತ್ತೋ, ವಾಸನೆ ಬಂದ ಮೇಲೆ ಎತ್ತಿದೆ. "ಒಂದೂ ಇಲ್ವಾ?"

"ಒಂದೂ ಇಲ್ಲ. ಆಟ ಶುರುವಾಗೋ ಮುಂಚೆ ನಮ್ಮನ್ನೆಲ್ಲ ಕೆಳಗಿನ ಕೋಣೆಗೆ ಕಳಿಸಿ ಬಾಗಿಲು ಹಾಕ್ತಾರೆ. ಕೆಲಸದ ಬಟ್ಟೆಯವರು ಜನರ ಕಣ್ಣಿಗೆ ಬೀಳಬಾರದು ಅಂತ ನಿಯಮ. ಹಲಗೆಗೇನಾದ್ರೂ ಆದ್ರೆ ಕರೀತಾರೆ. ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ಕರೀಲಿಲ್ಲ."

"ಹಾಗಾದ್ರೆ ನೀವು ಹೇಳಿದ್ದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆನಾ? ಆ ಮೊಣಕೈ, ಆ ಸೊಂಟ, ಆ ಬೆವರು?"

"ಅದು ಸುಳ್ಳಲ್ಲ. ನಾನು ನೋಡಿಲ್ಲ ಅಷ್ಟೇ."

ಆಹಾ! ನ್ಯಾಯಾಲಯದಲ್ಲಿ ವಾದ ಮಾಡಬೇಕಿತ್ತು ಈ ಮನುಷ್ಯ. ಯಾಕೆ ಸುಳ್ಳು ಹೇಳಿದ್ರಿ ಎಂದು ಕೇಳಿದೆ. ಬಾಗಿಲ ಚೌಕಟ್ಟಿನ ಸಂದನ್ನು ಉಗುರಿನಲ್ಲಿ ಕೆರೆಯುತ್ತ, "ಹೀಗೇ, ಬಾಯಿಗೆ ಬಂತು ಹೇಳ್ದೆ," ಎಂದರು. ನಾನು ಬೈದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ, ಓದುವವರ ಮನೆಯಲ್ಲಿ ಮಕ್ಕಳಿರಬಹುದು. ಬೈದು ಮುಗಿಯುವ ಹೊತ್ತಿಗೆ ಗಂಟೆ ಮೂರಾಗಿತ್ತು. ನಾಲ್ಕಕ್ಕೆ ಅಣ್ಣ ಬರುವವನಿದ್ದ, ಪಟಾಕಿ ಅದಕ್ಕೂ ಮೊದಲು. ಅಣ್ಣನಿಗೆ ಗೊತ್ತಾದರೆ ನಾನು ಸಾಯುವ ತನಕ, ಸತ್ತ ಮೇಲೂ, ಅವನು ಅದನ್ನು ಹೇಳಿಕೊಂಡು ತಿರುಗುತ್ತಾನೆ. ಅದಾದರೂ ಹಾಳಾಗಲಿ. ಆ ಮಗು ನೋಟ್‌ಬುಕ್ಕಿನ ಮೇಲೆ 'ನನ್ನ ಅಜ್ಜ ಕಂಡದ್ದು' ಎಂದು ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಂಡಿದೆಯಲ್ಲ!

"ಇವತ್ತೊಂದು ದಿನ ನೀವು ಬಾಯಿ ಬಿಡಬೇಡಿ," ಎಂದೆ. "ಬಿಟ್ಟರೆ ಬಣ್ಣಗೇಡು. ಯಾರು ಏನು ಕೇಳಿದ್ರೂ ನನ್ನ ಕಡೆ ನೋಡಿ. ನಾನು ನೋಡ್ಕೋತೀನಿ."

"ನೀನೂ ನೋಡಿಲ್ವಲ್ಲೇ?"

"ನೀವು ನೋಡದೇನೇ ಮೂವತ್ತೊಂದು ವರ್ಷ ನಡೆಸಲಿಲ್ವಾ? ನಾನು ಮೂರು ಗಂಟೆ ನಡೆಸ್ತೀನಿ."

ಅಂಗಿಯ ಸುಟ್ಟ ಬೆನ್ನು ಕಾಣದಂತೆ ಮೇಲೊಂದು ಸ್ವೆಟರು ಹಾಕಿಸಿ ಹೊರಡಿಸಿದೆ. ಸುಡುವ ಬಿಸಿಲು. ಅಣ್ಣ ಬಂದವನೇ ಸ್ವೆಟರನ್ನು ನೋಡಿದ, ನನ್ನನ್ನು ನೋಡಿದ. "ಒಳಗೆ ಚಳಿ ಇರತ್ತೆ, ಅವರಿಗೆ ಅನುಭವ ಇದೆ," ಎಂದೆ. ಮೊದಲನೆಯ ಸುಳ್ಳು ಸಲೀಸಾಗಿ ಬಂತು. ಇಷ್ಟು ಸುಲಭವಾದರೆ ಅವರನ್ನು ಬೈದದ್ದು ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿತು.

ಬಸ್ಸಿಳಿದರೆ ಎದುರಿಗೇ ಗುಮ್ಮಟ. ಜನ ಪ್ರವಾಹದಂತೆ ಮುಂಬಾಗಿಲ ಕಡೆ ಹೋಗುತ್ತಿದ್ದರು. ಯಜಮಾನರು ಏನೂ ಹೇಳದೆ ಎಡಕ್ಕೆ ತಿರುಗಿ, ಗೋಡೆ ಬಳಸಿ, ಕಸದ ಡಬ್ಬಿಗಳ ಪಕ್ಕದಿಂದ ನಮ್ಮನ್ನು ಕರೆದುಕೊಂಡು ಹೋಗಿ, ಲಾರಿಗಳು ನುಗ್ಗುವ ಒಂದು ಕಬ್ಬಿಣದ ಗೇಟಿನ ಮುಂದೆ ನಿಲ್ಲಿಸಿದರು. ಕಾಲು ತಾನಾಗಿ ಎಳೆದುಕೊಂಡು ಹೋಗಿತ್ತು. ಕಾವಲುಗಾರ ನಕ್ಕು, "ಟಿಕೆಟ್ ಇರೋರು ಮುಂದಿನಿಂದ ಬರ್ಬೇಕು ಯಜಮಾನ್ರೇ," ಎಂದ.

"ಮೂವತ್ತೊಂದು ವರ್ಷ ಬಂದ ಜಾಗ," ಎಂದ ಅಣ್ಣ. "ಬಾಗಿಲು ಎಲ್ಲಿದೆ ಗೊತ್ತಿಲ್ವಾ ಭಾವ?"

"ಸಿಬ್ಬಂದಿಗೆ ಬೇರೆ ಬಾಗಿಲು ಇರತ್ತೆ ಅಣ್ಣಾ," ಎಂದೆ. "ನಿಮ್ಮ ಅಚ್ಚುಕೂಟದಲ್ಲಿ ಎಲ್ಲರೂ ಒಂದೇ ಬಾಗಿಲಿಂದ ಹೋಗ್ತಿದ್ರೇನೋ."

ಮುಂಬಾಗಿಲಲ್ಲಿ ಚೀಲ ತೆರೆಸಿದರು, ಜೇಬು ತಟ್ಟಿದರು. ನಮ್ಮ ಯಜಮಾನರ ಜೇಬಿನಿಂದ ಗೇಣುದ್ದದ ಒಂದು ಕಬ್ಬಿಣದ ಕೀಲು ಬಂತು. ಹಲಗೆಗೂ ಹಲಗೆಗೂ ಬಿಗಿಯಲು ಹಾಕುವ ಕೀಲಂತೆ. ಸಭ್ಯರು ಊರುಗೋಲು ಹಿಡಿದು ಹೋಗುವ ಹಾಗೆ ಇವರು ಕೀಲು ಹಿಡಿದು ಆಟ ನೋಡಲು ಬಂದಿದ್ದಾರೆ! ಯಾಕೆ ತಂದ್ರಿ ಎಂದರೆ, "ಯಾವಾಗ್ಲೂ ಜೇಬಲ್ಲಿ ಇರತ್ತಲ್ಲ," ಎಂದರು. ಕಾವಲಿನ ಹೆಂಗಸು ಅದನ್ನು ಒಂದು ತಟ್ಟೆಗೆ ಹಾಕಿ ಚೀಟಿ ಕೊಟ್ಟಳು. ಅಣ್ಣ ಚೀಟಿಯ ಮೇಲಿನ ಬರಹವನ್ನು ಓದಿ, ಅದರಲ್ಲೊಂದು ಕಾಗುಣಿತದ ತಪ್ಪು ಹುಡುಕಿ, ಸ್ವಲ್ಪ ಸಮಾಧಾನಪಟ್ಟುಕೊಂಡ.

ಇಳಿಜಾರು ಹತ್ತಿ, ಜೋಳದ ಪಾಪ್‌ಕಾರ್ನ್ ವಾಸನೆ ದಾಟಿ, ಒಂದು ಸಣ್ಣ ಸುರಂಗದಂಥ ದಾರಿಯಲ್ಲಿ ಹೋದೆವು. ಸುರಂಗದ ಬಾಯಿಗೆ ಬರುತ್ತಿದ್ದಂತೆ ಯಜಮಾನರು ನಿಂತುಬಿಟ್ಟರು. ಕೆಳಗೆ ದೀಪದಲ್ಲಿ ಮುಳುಗಿದ ನೆಲ, ಅದರ ಸುತ್ತ ಆಕಾಶದ ತನಕ ಜನ. ಹದಿನೆಂಟು ಸಾವಿರ ಕುರ್ಚಿಯಲ್ಲಿ ಒಂದೂ ಖಾಲಿ ಇರಲಿಲ್ಲ. ಅವರು ಆ ಕುರ್ಚಿಗಳನ್ನು ಕಂಡಿದ್ದಾರೆ, ಆದರೆ ಯಾವಾಗಲೂ ಖಾಲಿ. ಅವರ ಬಾಯಿ ಸಣ್ಣ ಮಕ್ಕಳ ಬಾಯಿಯಂತೆ ತೆರೆದುಕೊಂಡಿತು. ಅಣ್ಣ ಎಲ್ಲಿ ನೋಡಿಬಿಡುತ್ತಾನೋ ಎಂದು ನಾನು ಅವರ ಬೆನ್ನಿಗೊಂದು ಗುದ್ದಿದೆ. ಆಗ ಗುದ್ದಬಾರದಿತ್ತು.

ಕೂತ ಮೇಲೆ ಪರೀಕ್ಷೆ ಶುರುವಾಯಿತು. ಪಟಾಕಿ ನೋಟ್‌ಬುಕ್ ತೆರೆದಳು. "ಅಜ್ಜಾ, ಕಥೆ ನಂಬರ್ ನಾಲ್ಕು. ಆ ಉದ್ದದವನು ಬೆನ್ನಡಿಯಾಗಿ ಬಿದ್ದು ಜಾರಿದ್ದು ಎಲ್ಲಿ?"

ನಾನೇ ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಯಜಮಾನರು ನನ್ನ ಕಡೆ ನೋಡಲೇ ಇಲ್ಲ. "ಅಗೋ ಬಲಗಡೆ ಬುಟ್ಟಿ ಇದೆಯಲ್ಲ, ಅದರಿಂದ ಈಚೆಗೆ ಮೂರನೇ ಹಲಗೆ. ನೂರ ಎಂಬತ್ತಾರು. ಅಲ್ಲಿ ಬಿದ್ದು ನೂರ ಎಂಬತ್ತೆಂಟರ ತನಕ ಜಾರಿದ."

"ನಂಬರ್ ಒಂಬತ್ತು? ಇಬ್ಬರೂ ಒಟ್ಟಿಗೆ ಬಿದ್ದಿದ್ದು?"

"ಮಧ್ಯದ ವೃತ್ತದ ಎಡಗಡೆ ಅಂಚು. ಅಲ್ಲೊಂದು ಮಚ್ಚೆ ಇದೆ ನೋಡು, ಮರದ ಗಂಟು. ಅದರ ಮೇಲೆ."

ಅಣ್ಣ ಕನ್ನಡಕ ಒರೆಸಿಕೊಂಡು ನೋಡಿದ. ಮಚ್ಚೆ ಇತ್ತು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ಒಂದು ಹಿಡಿ ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಂಡು ಹಾಯಾಗಿ ಅಗಿದೆ. ಆದರೆ ನಮ್ಮ ಸಂತೋಷ ಎಷ್ಟು ಹೊತ್ತಿನದು?

ಆಟ ಶುರುವಾದ ಮೇಲೆ ನಮ್ಮ ಯಜಮಾನರನ್ನು ಸಂಭಾಳಿಸುವುದು ಹಸುಗೂಸನ್ನು ಸಂಭಾಳಿಸಿದ ಹಾಗಾಯಿತು. ನಮ್ಮ ನಗರದ ತಂಡದವರು ಹಳದಿ, ಎದುರಿನವರು ನೀಲಿ. ನೀಲಿಯವನೊಬ್ಬ ಚೆಂಡು ಬುಟ್ಟಿಗೆ ಹಾಕಿದ; ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿದು ಕೂತಿದ್ದಾಗ ಇವರೊಬ್ಬರೇ ಎದ್ದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವನು ಏನೋ ಗೊಣಗಿದ. "ಅವರು ಒಳ್ಳೆ ಆಟಕ್ಕೆ ಚಪ್ಪಾಳೆ ಹೊಡೀತಾರೆ, ಪಕ್ಷಪಾತ ಇಲ್ಲ," ಎಂದು ನಾನು ಹಿಂದೆ ತಿರುಗಿ ಪಾಠ ಹೇಳಿದೆ. ಆಮೇಲೆ ಇವರು ಕಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡು ತಲೆ ಓರೆ ಮಾಡಿ, ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳುತ್ತ ತಮ್ಮಷ್ಟಕ್ಕೇ ನಗುತ್ತಿದ್ದರು. ಹದಿನೆಂಟು ಸಾವಿರ ಜನ ಕಣ್ಣರಳಿಸಿ ನೋಡುತ್ತಿರುವಾಗ, ಮಧ್ಯದ ಸಾಲಿನ ಒಳ್ಳೆಯ ಕುರ್ಚಿಯಲ್ಲಿ ಕೂತು ಒಬ್ಬ ಮಹಾನುಭಾವ ಕಣ್ಣು ಮುಚ್ಚಿಕೊಂಡಿದ್ದಾನೆ!

"ಕಣ್ಣು ಬಿಡ್ರೀ," ಎಂದು ತೊಡೆ ಚಿವುಟಿದೆ.

"ಸುಮ್ನಿರೇ, ಹೀಗೆ ಕೇಳಿದ್ರೇ ನನಗೆ ಗೊತ್ತಾಗೋದು," ಎಂದರು.

ಅಣ್ಣ ನಮ್ಮಿಬ್ಬರ ಗುಸುಗುಸುವನ್ನು ಕರಡಿನ ಹಾಳೆ ನೋಡಿದ ಹಾಗೆ ನೋಡುತ್ತಿದ್ದ. ಮೆಲ್ಲಗೆ ಬಾಗಿ ಕೇಳಿದ. "ಭಾವ, ಒಂದು ಸಣ್ಣ ಅನುಮಾನ. ಈಗ ಮೂರು ಅಂಕ ಕೊಟ್ಟರಲ್ಲ, ಅದಕ್ಕೆ ಮುಂಚಿನದಕ್ಕೆ ಎರಡೇ ಕೊಟ್ಟರು. ಯಾಕೆ?"

ಯಜಮಾನರು ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ. "ಅದು, ಅಣ್ಣಾ, ಈಗ ಹಾಕಿದವನು ಸ್ವಲ್ಪ ಹಿರಿಯ," ಎಂದೆ.

"ಹಿರಿಯನಿಗೆ ಮೂರಾ?"

"ಮರ್ಯಾದೆ ಇರತ್ತಲ್ಲ."

ಪಟಾಕಿ ತಲೆ ಎತ್ತಿ, "ಅಲ್ಲಜ್ಜೀ, ಆ ದೊಡ್ಡ ಗೆರೆ ಆಚೆಯಿಂದ ಹಾಕಿದ್ರೆ ಮೂರು. ನಮ್ಮ ಶಾಲೇಲಿ ಹೇಳಿಕೊಟ್ಟಿದ್ದಾರೆ," ಎಂದಳು. ಆಮೇಲೆ ಅಜ್ಜನ ಮುಖ ನೋಡಿದಳು. "ಅಜ್ಜನಿಗೆ ಗೊತ್ತಿಲ್ವಾ?" ಎಂದು ಕೇಳಲಿಲ್ಲ. ಸುಮ್ಮನೆ ನೋಡಿದಳು. ಕೇಳಿದ್ದರೇ ವಾಸಿಯಿತ್ತು. ಅಷ್ಟರಲ್ಲಿ ಮಧ್ಯಂತರ ವಿರಾಮದ ಸೀಟಿ ಊದಿದರು. ನಾನು ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟೆ.

ಬಿಟ್ಟ ಉಸಿರು ಒಳಗೆ ಎಳೆದುಕೊಳ್ಳುವ ಮೊದಲೇ ಕೆಳಗಿನಿಂದ ಒಬ್ಬರು ಮೆಟ್ಟಿಲು ಹತ್ತಿಕೊಂಡು ಬಂದರು. ಯಜಮಾನರಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು, ಹೆಗಲ ಮೇಲೆ ಒದ್ದೆ ಬಟ್ಟೆ, ಕೈಯಲ್ಲಿ ಉದ್ದನೆಯ ಒರೆಸುವ ಕೋಲು. ಆಟದ ಮಧ್ಯೆ ಯಾರಾದರೂ ಬಿದ್ದರೆ ಓಡಿಬಂದು ನೆಲದ ಬೆವರು ಒರೆಸಿ ಹೋಗುತ್ತಿದ್ದವರು. ಇವರನ್ನು ನಾನು ಆವತ್ತೇ ಮೊದಲು ಕಂಡದ್ದು. ಯಜಮಾನರು ಅವರನ್ನು ನೋಡಿ ಸ್ವೆಟರಿನೊಳಗೆ ಕುಗ್ಗಿದರು.

"ಏನಯ್ಯಾ ಹಲಗೆ!" ಎಂದು ಆತ ಮೂರು ಸಾಲಿಗೆ ಕೇಳುವಂತೆ ಕೂಗಿದರು. "ಕೊನೆಗೂ ಮೇಲೆ ಬಂದ್ಯಾ? ಒಂದು ಆಟ ನೋಡೋಕೆ ನಿನಗೆ ಮೂವತ್ತೊಂದು ವರ್ಷ ಬೇಕಾಯ್ತಲ್ಲೋ ಮಾರಾಯಾ!"

ಮುಗಿಯಿತು. ನಾನು ಅಣ್ಣನ ಕಡೆ ನೋಡಲಿಲ್ಲ. ನೋಡದಿದ್ದರೂ ಅವನ ಮುಖದ ಬೆಳಕು ನನ್ನ ಕೆನ್ನೆಗೆ ತಾಗುತ್ತಿತ್ತು.

"ಇವರು, ಬೆವರಣ್ಣ," ಎಂದು ಯಜಮಾನರು ಸಣ್ಣ ದನಿಯಲ್ಲಿ ಪರಿಚಯ ಹೇಳಿದರು. "ಅಲ್ಲಿ ಎಲ್ಲರೂ ಹಾಗೇ ಕರೆಯೋದು. ನಮ್ಮಲ್ಲಿ ಮೇಲೆ ಹೋಗೋಕೆ ಪರವಾನಗಿ ಇದ್ದೋರು ಇವರೊಬ್ಬರೇ."

ಬೆವರಣ್ಣ ನನಗೆ ಕೈಮುಗಿದರು. "ನೀವೇ ಏನಮ್ಮಾ ಅವರು? ನಿಮ್ಮಿಂದ ನನಗೆ ಕಡಿಮೆ ಕಾಟವಾ? ಆಟ ಮುಗೀತಿದ್ದ ಹಾಗೆ ಇವನು ಮೆಟ್ಟಿಲ ಹತ್ರ ನನ್ನ ತೋಳು ಹಿಡ್ಕೊಳ್ಳೋನು. ನೆಲ ಎತ್ತೋಕೆ ಮುಂಚೆ ಹತ್ತು ನಿಮಿಷ ಬಿಡುವು, ಎಲ್ಲರೂ ಟೀ ಕುಡಿಯೋಕೆ ಹೋಗ್ತಿದ್ರು. ಇವನು ಟೀ ಬಿಟ್ಟು, 'ಹೇಳಯ್ಯಾ, ಏನೇನಾಯ್ತು ಹೇಳಯ್ಯಾ, ಖಾಲಿ ಕೈಯಲ್ಲಿ ಹೋದ್ರೆ ಮನೇಲಿ ಅವಳ ಮುಖ ಬಾಡತ್ತೆ' ಅನ್ನೋನು. ನನಗೆ ಆಟ ಏನು ಗೊತ್ತಮ್ಮಾ? ತಲೆ ಎತ್ತಿದ್ರೆ ತಾನೆ? ಯಾರು ಎಲ್ಲಿ ಬೀಳ್ತಾರೆ ಅಂತ ಕಾಯೋದೇ ನನ್ನ ಕೆಲಸ. ಬಿದ್ದಿದ್ದಷ್ಟನ್ನೇ ಹೇಳ್ತಿದ್ದೆ. ಅದನ್ನೇ ಪಾಪ ಜೋಪಾನವಾಗಿ ತಗೊಂಡು ಹೋಗೋನು."

ಕೆಳಗಿನಿಂದ ಯಾರೋ ಕರೆದರು. ಬೆವರಣ್ಣ ಯಜಮಾನರ ಬೆನ್ನು ತಟ್ಟಿ, "ನೆಲ ಚೆನ್ನಾಗಿ ಕೂತಿದೆ, ಆದ್ರೆ ನಿನ್ನ ಕೈ ಬೇರೆ ಬಿಡು," ಎಂದು ಇಳಿದುಹೋದರು.

ಅಣ್ಣ ಗಂಟಲು ಸರಿಮಾಡಿಕೊಂಡ. "ನಾನು ಹೇಳಿರಲಿಲ್ವಾ," ಎಂದು ಶುರು ಮಾಡಿದ. ಆದರೆ ಪಟಾಕಿ ಅವನಿಗಿಂತ ಮೊದಲು ಕೇಳಿದಳು. ಕಣ್ಣಲ್ಲಿ ನೀರು ನಿಂತಿತ್ತು.

"ನೀನು ನೋಡೇ ಇಲ್ವಾ ಅಜ್ಜಾ? ಮತ್ತೆ ಯಾಕೆ ನೋಡ್ದೆ ಅಂತ ಹೇಳ್ದೆ?"

ಯಜಮಾನರು ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. "ಜಂಬಕ್ಕೆ ಪುಟ್ಟಾ," ಎಂದರು. "ನಿನ್ನ ಅಜ್ಜನಿಗೆ ಸ್ವಲ್ಪ ಜಂಬ. ತಪ್ಪಾಯ್ತು."

ಅವರು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಆಗ ನನಗೆ ನೆನಪಾಯಿತು.

ಮದುವೆಯಾಗಿ ಎರಡು ತಿಂಗಳು. ಅವರು ಕೆಲಸಕ್ಕೆ ಸೇರಿ ಒಂದು ವಾರ. ಒಂದು ಬೆಳಗ್ಗೆ ಮೊಣಕಾಲು ಊದಿಸಿಕೊಂಡು, ಮೈಯೆಲ್ಲ ಮೆರುಗೆಣ್ಣೆಯ ವಾಸನೆ ಹೊತ್ತು ಬಂದಿದ್ದರು. ಬಹಳ ಖುಷಿಯಲ್ಲಿದ್ದರು. "ನಾನು ಹಾಸಿದ ಕಡೆ ಒಂದು ಹಲಗೆಯೂ ಅಲುಗಾಡಲಿಲ್ಲವಂತೆ," ಎಂದು ಹೇಳಲು ಶುರುಮಾಡಿದರು. ನಾನು ಅದನ್ನು ಕೇಳಿಸಿಕೊಳ್ಳದೆ, "ಆಟ ಹೇಗಿತ್ತು?" ಎಂದೆ. ಅವರು ನಿಜ ಹೇಳಿದರು. ಕೆಳಗೆ ಕೂರಿಸುತ್ತಾರೆ, ಕಾಣುವುದಿಲ್ಲ ಎಂದರು. ನಾನು ನಕ್ಕೆ. "ಅಯ್ಯೋ, ಇಷ್ಟೇನಾ? ಕ್ರೀಡಾಂಗಣದಲ್ಲಿ ಕೆಲಸ ಅಂತ ನಾನು ಎಲ್ಲರ ಹತ್ರ ಹೇಳ್ಕೊಂಡಿದ್ದೀನಿ. ಗೋಡೌನಲ್ಲಿ ಕೂತು ಬರೋದಕ್ಕೆ ಅಷ್ಟು ದೊಡ್ಡ ಕಟ್ಟಡ ಯಾಕ್ರೀ ಬೇಕಿತ್ತು?" ಎಂದೆ. ಅವರೂ ನಕ್ಕಿದ್ದರು. ಆ ವಾರದ ಕೊನೆಗೆ ಬಂದು, ಒಬ್ಬ ಆಟಗಾರ ಮೊಣಕೈ ಊರಿ ಬಿದ್ದ ಕಥೆ ಹೇಳಿದರು. ನಾನು ಟೀ ಲೋಟ ಕೆಳಗಿಟ್ಟು, ಕಣ್ಣರಳಿಸಿ ಕೇಳಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವಳಿಗೆ ಹೋಗಿತ್ತು. ಕೇಳಿದವರಿಗೆ ಹೋಗಿರಲಿಲ್ಲ. ನನಗೆ ನಾಚಿಕೆಯಾಯಿತು. ಬೇರೆ ಯಾವ ಪದವನ್ನೂ ಹುಡುಕುವುದಿಲ್ಲ, ನಾಚಿಕೆಯಾಯಿತು. ನಿಜ ಹೇಳಿದರೆ ನಗುತ್ತಾಳೆ ಎಂದು ಮೂವತ್ತೊಂದು ವರ್ಷ ಟೀ ಬಿಟ್ಟು ಬೇರೆಯವರ ಬೀಳುವಿಕೆಯನ್ನು ಹೊತ್ತು ತಂದ ಮನುಷ್ಯನನ್ನು ನಾನು ಆವತ್ತು ಮಧ್ಯಾಹ್ನ ಸುಳ್ಳುಗಾರ ಎಂದು ಬೈದಿದ್ದೆ. ಈಗಲೂ ಅವರು ಅದನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡು ಕೂತಿದ್ದರು, ಅದೂ ನನ್ನ ಅಣ್ಣನ ಮುಂದೆ.

ಅಣ್ಣ ಮತ್ತೆ ಬಾಯಿ ತೆರೆದ. "ಒಂದಲ್ಲ ಒಂದಿನ ಗೊತ್ತಾಗೇ ಆಗತ್ತೆ ಭಾವ, ಸುಳ್ಳು ಅನ್ನೋದು—"

"ನೀನು ಸುಮ್ನಿರಣ್ಣಾ," ಎಂದೆ. "ತಿದ್ದಬೇಕಾದ್ರೆ ನನ್ನ ತಿದ್ದು. ಅವರು ಮೊದಲು ನಿಜಾನೇ ಹೇಳಿದ್ರು. ನಾನು ನಕ್ಕೆ. ಗೋಡೌನಲ್ಲಿ ಕೂತು ಬರೋ ಗಂಡ ಅಂತ ಆಡಿಕೊಂಡೆ. ಪಟಾಕೀ, ಕೇಳಿಸ್ಕೋ, ನಿನ್ನ ಅಜ್ಜನಿಗೆ ಜಂಬ ಇಲ್ಲ. ಜಂಬ ಇದ್ದಿದ್ದು ನನಗೆ. ಅವರು ನನಗೋಸ್ಕರ ತಂದುಕೊಟ್ರು."

ಯಜಮಾನರು ಗಾಬರಿಯಾಗಿ, "ಏ, ಅದೆಲ್ಲ ಯಾಕೀಗ, ಬಿಡೇ," ಎಂದರು.

"ನಿಮಗೆ ನೆನಪಿತ್ತಾ?"

"ಇತ್ತು," ಎಂದರು.

ಅಣ್ಣ ಬಾಯಿ ಮುಚ್ಚಿಕೊಂಡ. ಅವನ ಬಾಯಿ ಮುಚ್ಚಿಸಬೇಕೆಂದೇ ಕರೆದುಕೊಂಡು ಬಂದವಳು ನಾನು. ಮುಚ್ಚಿದಾಗ ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ಪಟಾಕಿ ಕುರ್ಚಿಯಿಂದ ಇಳಿದು ಅಜ್ಜನ ಮೊಣಕಾಲಿಗೆ ಒರಗಿ ನಿಂತಳು. ಸೀಟಿ ಊದಿದರು, ಎರಡನೆಯ ಅರ್ಧ ಶುರುವಾಯಿತು, ಸುತ್ತ ಎಲ್ಲರೂ ಎದ್ದು ಕೂಗತೊಡಗಿದರು.

"ಆ ದಿನ ಹೇಳೋಕೆ ಹೊರಟಿದ್ರಲ್ಲ," ಎಂದು ನಾನು ಅವರ ಕಿವಿಯ ಹತ್ತಿರ ಕೂಗಿದೆ. "ಹಲಗೆ ಅಲುಗಾಡಲಿಲ್ಲ ಅಂತ. ಹೇಗೆ ಹಾಸ್ತೀರಿ ಅದನ್ನ? ಹೇಳಿ."

"ಅದರಲ್ಲಿ ಏನೇ ಇದೆ, ಹಲಗೆ ಅಷ್ಟೇ."

"ಹೇಳಿ ಅಂದ್ನಲ್ಲ."

ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖವನ್ನು ಪರೀಕ್ಷೆ ಮಾಡಿ ನೋಡಿದರು. ಆಮೇಲೆ ಹೇಳತೊಡಗಿದರು. ಒಟ್ಟು ಇನ್ನೂರ ಇಪ್ಪತ್ತೈದು ಹಲಗೆ, ಪ್ರತಿಯೊಂದಕ್ಕೂ ನಂಬರು. ಮಧ್ಯದಿಂದ ಶುರು ಮಾಡಬೇಕು. ಹನ್ನೆರಡು ಜನ, ನಾಲ್ಕು ಗಂಟೆ. ಮರ ಚಳಿಗೆ ಕುಗ್ಗುತ್ತದೆ, ಜನ ತುಂಬಿದರೆ ಅವರ ಬಿಸಿಗೆ ಹಿಗ್ಗುತ್ತದೆ. ಎಷ್ಟು ಸಂದು ಬಿಡಬೇಕೆಂದು ಅಂಗೈಯಿಂದ ನೋಡಿ ತಿಳಿಯಬೇಕು. ಕೆಳಗಿನ ಕೋಣೆಯಲ್ಲಿ ಉಳಿದವರು ಇಸ್ಪೀಟಾಡುತ್ತಿದ್ದರಂತೆ. ಇವರು ಮಾತ್ರ ತಲೆಯ ಮೇಲಿನ ಚೆಂಡಿನ ಸದ್ದು ಕೇಳುತ್ತ, ಎಲ್ಲಾದರೂ ಟೊಳ್ಳು ದನಿ ಬಂತೇ ಎಂದು ಕಾಯುತ್ತಿದ್ದರಂತೆ. "ಬೀಳೋರು ಬೀಳ್ತಾರೆ, ಅದು ಅವರ ಆಟ," ಎಂದರು. "ನನ್ನ ಹಲಗೆಯಿಂದ ಯಾರೂ ಬೀಳಲಿಲ್ಲ. ಒಬ್ಬರೂ ಇಲ್ಲ."

ಅಣ್ಣ ಕೂಡ ಈ ಕಡೆ ಬಾಗಿದ್ದ. ಒಮ್ಮೆ ಮಾತ್ರ, "ಎಷ್ಟು ಸಂದು ಬಿಡ್ತೀರಿ ಭಾವ?" ಎಂದು ಕೇಳಿದ. ಯಜಮಾನರು ಹೆಬ್ಬೆರಳಿನ ಉಗುರು ತೋರಿಸಿ, ಉಗುರಿನ ದಪ್ಪ ಎಂದರು.

ಮಾರನೆಯ ದಿನ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು. "ನಿನ್ನೆ ಹೋಗಿದ್ರಂತಲ್ಲ, ಆಟ ಹೇಗಿತ್ತು? ಎಷ್ಟು ಜನ ಬಿದ್ರು?"

"ನಾನು ನೋಡ್ಲಿಲ್ಲ ಕಣ್ರೀ," ಎಂದೆ. "ನಮ್ಮನೆಯವರು ಅವರ ಕೆಲಸದ ವಿಷಯ ಹೇಳ್ತಿದ್ರು."